ಪಿಕ್‌ನಿಕ್ಕಿಗೆ ಬಾರದ ಪಾತ್ರೆ

ಅತ್ತೆಯ ಮೂಲಂಗಿ ಸಾರಿನ ಪಾತ್ರೆಯನ್ನು ಬಸ್ಸಿಗೇರಿಸುವ ಕೆಲಸ ಗಂಟೆಯಣ್ಣನ ಪಾಲಿಗೆ ಬಂದಿತ್ತು. ಚರ್ಚಿನ ಗಂಟೆ ಬಾರಿಸುವುದು, ಬೀಗ ಹಾಕುವುದು ಅವನ ಉದ್ಯೋಗ. ಆ ಸಾರಿಗೆ ಅಂಜುವುದು ಇಡೀ ಧರ್ಮಕೇಂದ್ರದ ಅಭ್ಯಾಸ. ಹೋದ ವರ್ಷದ ಪಿಕ್‌ನಿಕ್ಕಿನಲ್ಲಿ ಅದನ್ನು ಉಂಡವರು ಓಟದ ಸ್ಪರ್ಧೆ ಬಿಟ್ಟು ಬೇರೆ ಕಡೆಗೆ ಓಡಿದ್ದರು. ಹಾಗಾಗಿ ಈ ಸಲ ಬೆಳಗಿನ ಪೂಜೆ ಮುಗಿದೊಡನೆ ಅವನು ಪಾತ್ರೆಯನ್ನು ಬಲಿಪೀಠದ ಹಿಂದಿನ ಕೋಣೆಯಲ್ಲಿ, ಬೀರುವಿನ ಮರೆಗೆ ತಳ್ಳಿದ. ಅತ್ತೆಯ ಕಣ್ಣಿಗೆ ಬಿದ್ದೇನೆಂಬ ಅಂಜಿಕೆಯ ಅವಸರದಲ್ಲಿ, "ಒಳಗೆ ಯಾರಾದ್ರೂ ಇದ್ದೀರಾ?" ಎಂದು ದಿನದಂತೆ ಕೂಗದೆ ಬೀಗ ಜಡಿದು ಮೊದಲ ಬಸ್ಸು ಹತ್ತಿದ.

ಕೆರೆಯ ದಂಡೆಯಲ್ಲಿ ಎರಡೂ ಬಸ್ಸು ಖಾಲಿಯಾದವು. ಅತ್ತೆ ಬಂದು ಪಾತ್ರೆ ಕೇಳಲಿಲ್ಲ. ಎಲ್ಲೋ ಯಾರೊಡನೆಯೋ ಜಗಳಕ್ಕೆ ನಿಂತಿರಬೇಕು ಎಂದುಕೊಂಡು ಅವನು ದೇವರಿಗೆ ವಂದನೆ ಹೇಳಿದ.

ಊಟ ಹರಡಿದ ಮೇಲೆ ಟೈಲರ್ ಕತ್ತು ಚಾಚಿದ. "ಫಾದರ್ ಎಲ್ಲಿ?"

ಫಾದರ್ ಆಶೀರ್ವದಿಸದೆ ಯಾರೂ ತುತ್ತು ಎತ್ತುವಂತಿರಲಿಲ್ಲ.

"ಪೂಜೆ ಆದ್ಮೇಲೆ ಪಾಪನಿವೇದನೆ ಗೂಡಲ್ಲಿ ಸ್ವಲ್ಪ ಹೊತ್ತು ಕೂತಿರ್ತಾರಲ್ಲ," ಎಂದರು ಸಿಸ್ಟರ್. "ಯಾರೂ ಬರದಿದ್ರೆ ಅಲ್ಲೇ ನಿದ್ದೆ ಹೋಗ್ತಾರೆ. ಬೀಗ ಹಾಕೋವಾಗ ನೋಡಿದ್ಯೇನಪ್ಪಾ?"

ಗಂಟೆಯಣ್ಣ ಜೇಬಿನ ಕೀಲಿಯನ್ನು ಮುಟ್ಟಿ ನೋಡಿಕೊಂಡ. "ನೋಡಿದೆ ಸಿಸ್ಟರ್. ಅವರು... ಹಿಂದಿನಿಂದ ಬರ್ತಾರೆ."

"ಮೊನ್ನೆ ಮೆಟ್ಟಿಲು ಹತ್ತಿದ್ದಕ್ಕೇ ಎದೆ ಹಿಡ್ಕೊಂಡು ಕೂತಿದ್ರು," ಬೇಕರಿಯಾಕೆ ಲೊಚಗುಟ್ಟಿದಳು. "ಗಾಳಿ ಇಲ್ಲದ ಕಡೆ ಅವರಿಗಾಗಲ್ಲ."

ಕಿಟಕಿಯಿಲ್ಲದ ಮರದ ಗೂಡು, ದಪ್ಪ ಪರದೆ, ಒಂದು ಕಡೆಗೆ ವಾಲಿದ ಬಿಳಿ ತಲೆ ಗಂಟೆಯಣ್ಣನ ಕಣ್ಣಿಗೆ ಕಟ್ಟಿದವು. ಫಾದರ್ ಹೋಗಿಬಿಟ್ಟರೆ ಸಾವಿನ ಗಂಟೆ ಬಾರಿಸಬೇಕಾದವನೂ ತಾನೇ! "ಐಸ್ ತರ್ತೀನಿ," ಎಂದು ಟೈಲರನ ಸ್ಕೂಟರ್ ಕಸಿದುಕೊಂಡು ಹೊರಟ.

ಚರ್ಚಿನ ಬೀಗ ತೆಗೆದು ಒಳಗೆ ನುಗ್ಗಿದ. ಒಳಗೆ ಸದ್ದಿಲ್ಲ. ಗೂಡಿನ ಹತ್ತಿರ ಹೋದಾಗ ಪರದೆಯ ಹಿಂದಿನಿಂದ ನರಳಿದಂತೆ ಒಂದು ದನಿ ಬಂತು. ಜೀವವಿದೆ! ಗಂಟೆಯಣ್ಣ ಗೂಡಿನ ಜಾಲರಿ ಕಿಂಡಿಯ ಮುಂದೆ ಮೊಣಕಾಲೂರಿದ.

"ತಪ್ಪಾಯ್ತು ಫಾದರ್! ಕೂಗದೇ ಬೀಗ ಹಾಕ್ಬಿಟ್ಟೆ."

ಪರದೆಯ ಹಿಂದೆ ಉಸಿರು ಬುಸುಗುಟ್ಟಿತು. ಫಾದರ್‌ಗೆ ಸಿಟ್ಟು ಬಂದಿದೆ ಎಂದುಕೊಂಡು ಅವನು ಇನ್ನಷ್ಟು ಬಾಯಿ ಬಿಟ್ಟ.

"ಎಲ್ಲಾ ಅತ್ತೆಯಿಂದ ಫಾದರ್. ಅವರ ಪಾತ್ರೆನ ಬೀರು ಹಿಂದೆ ಬಚ್ಚಿಟ್ಟೆ. ಅದನ್ನ ಸಾರು ಅನ್ನೋದೇ ಪಾಪ! ನನ್ನ ಹೆಂಡ್ತಿನೂ ತಿನ್ನಲ್ಲ, ಅಮ್ಮನಿಗೆ ಕಾಣದ ಹಾಗೆ ಬೇಸಿನ್ನಿಗೆ ಸುರೀತಾಳೆ. ಯಾವ ಪ್ರಾಯಶ್ಚಿತ್ತ ಕೊಟ್ರೂ ಮಾಡ್ತೀನಿ!"

ಪರದೆ ಸರಿಯಿತು. ಫಾದರ್ ಕೂರುವ ಮೆತ್ತೆಯ ಮೇಲೆ ಅತ್ತೆ ಕೂತಿದ್ದರು.

"ಪಾತ್ರೆ ಹುಡುಕ್ಕೊಂಡು ಒಳಗೆ ಬಂದಿದ್ದೆ, ಅಳಿಯಂದ್ರೇ," ಎಂದರು ತಣ್ಣಗೆ. "ಎಲ್ಲಾ ಕಡೆ ನೋಡಿ, ಸುಸ್ತಾಗಿ ಇಲ್ಲಿ ಕೂತೆ. ಬೀರು ಹಿಂದೆ ಮಾತ್ರ ನೋಡಿರ್ಲಿಲ್ಲ."

ಹಿಂದಿನ ಸೀಟಿನಲ್ಲಿ ಅತ್ತೆ, ಕಾಲ ಬಳಿ ಪಾತ್ರೆ. ಸ್ಕೂಟರ್ ಕೆರೆ ಸೇರಿದಾಗ ಫಾದರ್ ಮರದ ನೆರಳಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಪೂಜೆ ಮುಗಿಸಿ ರೋಗಿಯೊಬ್ಬರಿಗೆ ಪರಮಪ್ರಸಾದ ಕೊಟ್ಟು, ಆ ಮನೆಯವರ ಕಾರಿನಲ್ಲಿ ಬಂದಿದ್ದರು.

"ಅಯ್ಯೋ, ಊಟ ಎಲ್ಲಾ ಮುಗೀತಲ್ಲಪ್ಪಾ! ನಿನಗೇನೂ ಉಳಿದಿಲ್ಲ."

"ಉಳಿದಿದೆ ಫಾದರ್," ಅತ್ತೆ ಪಾತ್ರೆಯ ಮುಚ್ಚಳ ತೆಗೆದು ಸೌಟು ಎತ್ತಿದರು. ಸುತ್ತಲಿನವರೆಲ್ಲ ಮೆಲ್ಲನೆ ಎದ್ದು ನೀರಿನ ಕಡೆ ನಡೆದರು. ಅವರ ಹಿಂದೆಯೇ ಜಾರುತ್ತಿದ್ದ ಮಗಳನ್ನು ಅತ್ತೆ ಕರೆದರು.

"ನೀನೂ ಗಂಡನ ಪಕ್ಕ ಕೂತ್ಕೋ ಮಗಳೇ. ಇಲ್ಲಿ ಬೇಸಿನ್ ಇಲ್ಲ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಗಂಟೆಯಣ್ಣನಿಗೆ ನಿಜವಾದ ಹೆದರಿಕೆ ಶುರುವಾದದ್ದು ಆಗ.