ಉಪ್ಪಿನ ಯಂತ್ರವನ್ನು ಸಾರಿನಲ್ಲಿ ಅದ್ದಿರುವ ಬಗ್ಗೆ

ಸಮುದ್ರ ನೀರಿನ ಪರೀಕ್ಷಾ ಇಲಾಖೆ

ಸುತ್ತೋಲೆ ಸಂಖ್ಯೆ: ಸನೀಪ/ಉಪ್ಪು/ಸಾರು/7

ವಿಷಯ: ಸಮುದ್ರದ ನೀರಿನ ಉಪ್ಪಿನಂಶ ಅಳೆಯುವ ವಿದ್ಯುತ್ ಯಂತ್ರವನ್ನು ಸಮುದ್ರವಲ್ಲದ ಕಡೆ ಬಳಸಿರುವ ಕುರಿತು.

ಉಲ್ಲೇಖ: ಕ್ಯಾಂಟೀನಿನ ಬಾಗಿಲಿಗೆ ಬಿದ್ದಿರುವ ಬೀಗ.

ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಅದನ್ನು ಅಳೆದು ಅಂಕಿ ತೋರಿಸುವುದಷ್ಟೇ ಸದರಿ ಯಂತ್ರದ ಕೆಲಸ. ಕಳೆದ ಸೋಮವಾರ ಯಂತ್ರ ನಿರ್ವಾಹಕರು ದಡದಿಂದ ಮರಳಿ, ಅದರ ಕಡ್ಡಿಯನ್ನು ತೊಳೆದು, ಒರೆಸಿ, ಕ್ಯಾಂಟೀನಿನ ಊಟದ ಮೇಜಿನ ಮೇಲಿದ್ದ ಸಾರಿನ ಬಟ್ಟಲಿಗೆ ಅದ್ದಿರುತ್ತಾರೆ. ಸಮುದ್ರವನ್ನೂ ಮೀರಿದ ಅಂಕಿ ಬಂದಿರುತ್ತದೆ. ಅದನ್ನು ಅವರು ಗಟ್ಟಿಯಾಗಿ ಓದಿರುತ್ತಾರೆ. ಸಾರು ಮಾಡಿದ ಅಡುಗೆಯಮ್ಮನವರು ನಿರ್ವಾಹಕರಿಗೆ ಸ್ವಂತ ಅತ್ತೆ (ಹೆಂಡತಿಯ ತಾಯಿ) ಆಗಿರುವುದರಿಂದ ವಿಷಯ ಜಟಿಲಗೊಂಡಿರುತ್ತದೆ.

“ನಾನಲ್ಲ ಅತ್ತೆ, ಯಂತ್ರ ಹೇಳ್ತಿರೋದು” ಎಂದು ನಿರ್ವಾಹಕರೂ, “ಹಾಗಾದ್ರೆ ನಾಳೆಯಿಂದ ಯಂತ್ರನೇ ಬಡಿಸುತ್ತೆ ಬಿಡಿ, ಅಳಿಯಂದಿರೇ” ಎಂದು ಅಡುಗೆಯಮ್ಮನವರೂ ನುಡಿದಿರುತ್ತಾರೆ. ಅಂದಿನಿಂದ ಕ್ಯಾಂಟೀನು ಮುಚ್ಚಿದೆ. ನಿರ್ವಾಹಕರ ಹೆಂಡತಿಯೂ ತಾಯಿಯ ಪಕ್ಷ ವಹಿಸಿದ್ದು, ಅವರ ಮನೆಯಲ್ಲೂ ಒಲೆ ಹೊತ್ತಿಲ್ಲ. ಸಿಬ್ಬಂದಿ ಬಿಸ್ಕತ್ತು ತಿಂದು ಕಾಲ ತಳ್ಳುತ್ತಿದ್ದು, ನಿನ್ನೆ ಸಮುದ್ರವನ್ನು ಅಳೆಯಲು ಯಾರಿಗೂ ತ್ರಾಣವಿರಲಿಲ್ಲ.

ಆದ್ದರಿಂದ ಈ ಮೂಲಕ ಸೂಚಿಸುವುದೇನೆಂದರೆ:

1. ಯಂತ್ರವನ್ನು ಸಮುದ್ರದಲ್ಲಿ ಮಾತ್ರ ಅದ್ದತಕ್ಕದ್ದು. ಸಮುದ್ರಕ್ಕೆ ಬೇಸರವಾಗುವುದಿಲ್ಲ.

2. ದ್ರವ ಬಿಸಿಯಾಗಿದ್ದರೆ ಅಂಕಿ ಏರುವುದು ವಿಜ್ಞಾನಸಮ್ಮತ. ಅಂದಿನ ಸಾರು ಆರಿ ತಣ್ಣಗಾಗಿತ್ತಾದರೂ, ಕಡತದ ಮಟ್ಟಿಗೆ ಅದು ಕುದಿಯುತ್ತಿತ್ತೆಂದು ಭಾವಿಸತಕ್ಕದ್ದು.

3. ಸಾರು ಉಪ್ಪೆಂಬುದು ಇಲಾಖೆಗೆ ಯಂತ್ರ ಬರುವ ಮೊದಲೇ ತಿಳಿದಿತ್ತು. ತಿಳಿದೂ ತುಟಿ ಬಿಚ್ಚದೆ ಉಂಡ ಹಿರಿಯ ಸಿಬ್ಬಂದಿಯ ಸೇವೆಯನ್ನು ಶ್ಲಾಘಿಸಲಾಗಿದೆ.

4. ಊಟದ ನಡುವೆ ಎರಡನೇ ಲೋಟ ನೀರು ಕೇಳುವವರು ಸೆಕೆಯನ್ನೇ ಕಾರಣವಾಗಿ ತಿಳಿಸತಕ್ಕದ್ದು. ಚಳಿಗಾಲಕ್ಕೂ ಇದು ಅನ್ವಯಿಸುತ್ತದೆ.

5. ನಿರ್ವಾಹಕರು ಯಂತ್ರವಿಲ್ಲದೆ, ಹೆಂಡತಿಯೊಂದಿಗೆ ಅತ್ತೆಯವರ ಮನೆಗೆ ತೆರಳಿ, ಬಡಿಸಿದ್ದನ್ನು ಉಂಡು, ಮತ್ತೆ ಕೇಳಿ ಹಾಕಿಸಿಕೊಳ್ಳತಕ್ಕದ್ದು.

ಟಿಪ್ಪಣಿ: ಸುತ್ತೋಲೆ ಟೈಪಾಗುವಷ್ಟರಲ್ಲೇ ಕಲಂ 5 ಜಾರಿಯಾಗಿರುತ್ತದೆ. ನಿರ್ವಾಹಕರು ಮೂರು ಸಲ ಹಾಕಿಸಿಕೊಂಡಿದ್ದು, “ಇನ್ನೊಂದು ಸೌಟು ಹಾಕ್ಲಾ?” ಎಂದು ಅತ್ತೆಯವರೇ ಕೇಳಿರುವುದಾಗಿ ವರದಿಯಾಗಿದೆ. ಕ್ಯಾಂಟೀನು ತೆರೆದಿದೆ. ಇಂದಿನ ಸಾರಿಗೆ ಉಪ್ಪೇ ಬಿದ್ದಿಲ್ಲ. ಸಿಬ್ಬಂದಿ ಇದನ್ನು ಗಮನಿಸತಕ್ಕದ್ದಲ್ಲ.

ಸಹಿ/-
ಉಪನಿರ್ದೇಶಕರು
(ಊಟ ಮುಗಿಸಿ ಸಹಿ ಮಾಡಲಾಗಿದೆ)

ಪ್ರತಿಗಳು:
1. ಯಂತ್ರ ನಿರ್ವಾಹಕರಿಗೆ – ಪಾಲನೆಗಾಗಿ.
2. ಅವರ ಶ್ರೀಮತಿಯವರಿಗೆ – ಮೇಲ್ವಿಚಾರಣೆಗಾಗಿ.
3. ಸಮಸ್ತ ಸಿಬ್ಬಂದಿಗೆ – ಓದಿ ಹರಿದುಹಾಕಲು.
4. ಅಡುಗೆಯಮ್ಮನವರಿಗೆ – ಐದನೇ ಕಲಂ ಮಾತ್ರ.