ಹೆಗಲು ಕೊಡಲು ಕಾಲಿಗೆ ಸೂಜಿ

ಗೆಳೆಯ ಖಂಡಪ್ಪನ ಹೆಣಕ್ಕೆ ಹೆಗಲು ಕೊಡುವವನು ನಾನೇ, ಅದೂ ಮನೆಯ ಹೊಸ್ತಿಲಿನಿಂದ ಮಣ್ಣಿನ ತನಕ, ನಡುವೆ ಒಮ್ಮೆಯೂ ಇಳಿಸದೆ! ಹೀಗೆಂದು ನಾನು ಘನವಾಗಿ ಪ್ರತಿಜ್ಞೆ ಮಾಡಿದಾಗ ಖಂಡಪ್ಪ ಇನ್ನೂ ಬದುಕಿದ್ದ. ನನ್ನ ಎದುರಿಗೇ ಮಲಗಿದ್ದ. ಕೇಳಿ ಅವನ ಮುಖ ಅರಳಿತು. ಇಂಥ ಮಾತಿಗೆ ಮುಖ ಅರಳಿಸುವ ಮನುಷ್ಯ ಇಡೀ ಶಹಾಪುರ ತಾಲೂಕಿನಲ್ಲಿ ಅವನೊಬ್ಬನೇ ಇದ್ದಾನು.

ಅವನಿಗೆ ಹೊಟ್ಟೆಯಲ್ಲಿ ಗಡ್ಡೆ. ದೊಡ್ಡ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದುಬಿಟ್ಟಿದ್ದರು. ಆದರೆ ಅವನು ಹೆದರಿದ್ದು ಸಾವಿಗಲ್ಲ, ಟ್ರ್ಯಾಕ್ಟರಿಗೆ. ನಮ್ಮೂರ ಸ್ಮಶಾನ ಮೊದಲಿನಿಂದಲೂ ಊರ ಹಿಂದೆಯೇ ಇದೆ. ಕಾಲುವೆ ಬಂದ ಮೇಲೆ ಅದು ಆಚೆ ದಂಡೆಗೆ ಸೇರಿತು. ಸೇತುವೆ ಕಟ್ಟಿದವರು ಬದುಕಿದವರ ಅನುಕೂಲ ನೋಡಿ ದೂರದ ವನದುರ್ಗದ ರಸ್ತೆಗೆ ಕಟ್ಟಿದರು. ಸತ್ತವರು ಸುತ್ತುಹಾಕಿ ಹೋಗಬೇಕು. ಅಷ್ಟು ದೂರ ಹೊರಲಾರದೆ ಊರಿನವರು ಟ್ರ್ಯಾಕ್ಟರನ್ನು ರೂಢಿ ಮಾಡಿಕೊಂಡರು.

“ತಿಪ್ಪಿಗೊಬ್ಬರ ಹೇರೋ ಟ್ರಾಲಿದಾಗ ನಾ ಹೋಗಂಗಿಲ್ಲ ಮಾಸ್ತರ. ನಮ್ಮಪ್ಪ ಹೆಗಲ ಮ್ಯಾಲ ಹೋಗ್ಯಾನ. ನಾನೂ ಹಂಗೇ ಹೋಗಬೇಕು.”

“ನಾ ಅದೀನಲ್ಲ.”

“ನಿನಗ ಎಪ್ಪತ್ತಾತು.”

ನನಗೆ ರೋಷ ಬಂತು. ಒಬ್ಬರ ವಯಸ್ಸನ್ನು ಎತ್ತಿ ಆಡಬಾರದು, ಅದೂ ಸಾಯಲು ಮಲಗಿದವನು.

ಮನೆಯಲ್ಲಿ ಓದಿಕೊಳ್ಳದೆ ಪಾಠ ಹೇಳಲು ಹೋದವನಲ್ಲ ನಾನು. ಮರುದಿನ ಬೆಳಿಗ್ಗೆಯೇ ಜೋಳದ ಚೀಲವನ್ನು ಹೆಗಲಿಗೇರಿಸಿ, ಮುಖವನ್ನು ಸಂದರ್ಭಕ್ಕೆ ತಕ್ಕಷ್ಟು ಗಂಭೀರ ಮಾಡಿಕೊಂಡು ಕಾಲುವೆಯ ದಂಡೆಗೆ ಹೊರಟೆ.

“ಜ್ವಾಳ ಎಲ್ಲಿಗಿ ಒಯ್ಯಾಕತ್ತೀರಿ?” ಎಂದಳು ನನ್ನ ಹೆಂಡತಿ ಸುಂದ್ರಮ್ಮ.

“ಜ್ವಾಳ ಅನ್ನಬ್ಯಾಡ. ಇದು ಖಂಡಪ್ಪ ಅಂತ ತಿಳಿ.”

“ಹೆಣ ಹೊರೂದು ಯಾರಾರ ರೂಢಿ ಮಾಡ್ಕೊಂತಾರೇನ್ರಿ? ಖಂಡಪ್ಪಣ್ಣ ಅಲ್ಲಿ ಗಂಜಿ ಕುಡ್ಯಾಕತ್ತಾರ, ನೀವಿಲ್ಲಿ ಮಣ್ಣು ಮಾಡಾಕ ಹೊಂಟೀರಿ.”

ವಾರ ಕಳೆಯುವುದರೊಳಗೆ ನನ್ನ ಎರಡೂ ಮೀನಖಂಡಗಳು ಕಲ್ಲಾದವು. ಹಿಮ್ಮಡಿ ನೆಲಕ್ಕೆ ತಾಗದು. ಎಣ್ಣೆ ತಿಕ್ಕಿದ್ದಾಯಿತು, ಉಪ್ಪಿನ ಶಾಖ ಕೊಟ್ಟದ್ದಾಯಿತು. ನೆರೆಯ ದುರಗಪ್ಪ ಕಬ್ಬಿಣ ಕಾಯಿಸಿ ಬರೆ ಹಾಕಲು ಉತ್ಸಾಹದಿಂದ ಮುಂದೆ ಬಂದ. ಅವನ ಉತ್ಸಾಹ ನೋಡಿ ನಾನು ಹಿಂದೆ ಸರಿದೆ.

ದಿನಾ ಸಂಜೆ ಕುಂಟುತ್ತ ಖಂಡಪ್ಪನ ಮನೆಗೆ ಹೋಗುತ್ತಿದ್ದೆ. ರೋಗಿಯ ಯೋಗಕ್ಷೇಮವನ್ನು ನಾನು ವಿಚಾರಿಸಬೇಕು, ಆದರೆ ರೋಗಿಯೇ ನನ್ನನ್ನು ವಿಚಾರಿಸುತ್ತಿದ್ದ.

“ಕಾಲು ಹ್ಯಾಂಗದಾ?”

“ಇನ್ನೂ ಬಿಗಿ ಅದಾ.”

“ಹಂಗಾರ ಇವತ್ತ ತಡೀತೀನಿ.”

ಹೀಗೆ ತಡೆಯುತ್ತಲೇ ಹೋದ. ಒಂದು ಸಂಜೆ ಅವನ ಹೆಂಡತಿ ಮಾನಮ್ಮ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ದನಿ ತಗ್ಗಿಸಿ ಹೇಳಿದಳು: “ಮಾಸ್ತರ್ರ, ನೀವು ಲಗೂ ಆರಾಮ ಆಗಬ್ಯಾಡ್ರಿ.”

ನನ್ನ ಕುಂಟುಕಾಲಿಗೆ ಇಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಕುಂಟುತ್ತಲೇ ಇದ್ದುಬಿಡುತ್ತಿದ್ದೆ. ಆದರೆ ಖಂಡಪ್ಪನ ನೋವು ಏರಿತು. ಅವನು ಕೌದಿಯ ಅಂಚನ್ನು ಕಚ್ಚಿ ಹಿಡಿಯತೊಡಗಿದ. “ಭಾಳ ತ್ರಾಸ ಆಗಾಕತ್ತಾದ ಮಾಸ್ತರ,” ಎಂದ. “ನಿನ್ನ ಕಾಲಿಂದು ಏನಾರ ಲಗೂ ಮಾಡು.”

ಮರುದಿನವೇ ಶಹಾಪುರದ ಬಸ್ಸು ಹತ್ತಿದೆ. ಅಲ್ಲಿ ಫಿಸಿಯೋಥೆರಪಿ ಮಾಡುವ ಖುರ್ಷೀದಬೇಗಂ ಎಂಬ ಹೆಣ್ಣುಮಗಳು ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಖಂಡದಾಗ ಗಂಟು ಬಿದ್ದಾವ್ರಿ ಸರ್. ಡ್ರೈ ನೀಡ್ಲಿಂಗ್ ಮಾಡಬೇಕು,” ಎಂದಳು.

“ಸೂಜಿಯೊಳಗ ಯಾವ ಔಷಧ ಹಾಕ್ತೀರಿ?”

“ಔಷಧ ಇಲ್ರಿ. ಬರೇ ಸೂಜಿ.”

ಔಷಧಕ್ಕಾಗಿ ಸೂಜಿಯನ್ನು ಸಹಿಸಿದ ಜನ ನಾವು. ಬರೀ ಸೂಜಿಗಾಗಿ ಸೂಜಿಯನ್ನು ಸಹಿಸುವ ಯೋಗ ಮುಪ್ಪಿನಲ್ಲಿ ಬಂತು. ಬೋರಲು ಮಲಗಿದೆ. ಸೂಜಿ ಕೂದಲಿನಷ್ಟು ಸಣ್ಣದು. ಹೋದದ್ದೇ ತಿಳಿಯಲಿಲ್ಲ. “ಇಷ್ಟೇ ಏನು?” ಎಂದು ನಾನು ಹಮ್ಮಿನಿಂದ ಕೇಳುತ್ತಿರುವಾಗಲೇ ಸೂಜಿ ಗಂಟನ್ನು ಮುಟ್ಟಿತು. ಖಂಡ ನನ್ನ ಅಪ್ಪಣೆಯಿಲ್ಲದೆ ತಾನಾಗಿಯೇ ಚಟ್ಟನೆ ಜಿಗಿಯಿತು, ದಂಡೆಗೆ ಬಿದ್ದ ಮೀನಿನ ಹಾಗೆ. ನಾನು ಕೂಗಿದ ಕೂಗಿಗೆ ಹೊರಗೆ ಸರದಿಗೆ ಕುಳಿತವರಲ್ಲಿ ಇಬ್ಬರು ಎದ್ದು ಮನೆಗೆ ಹೋದರೆಂದು ಆಮೇಲೆ ತಿಳಿಯಿತು.

ಸೂಜಿಗಳನ್ನೆಲ್ಲ ತೆಗೆದು ಆಕೆ ಹೇಳಿದಳು: “ಎರಡು ದಿನ ಒನಕಿಲೇ ಕುಟ್ಟಿದಂಗ ನೋಯ್ತದ್ರಿ. ಆಮ್ಯಾಲ ಹಗುರ ಆಗ್ತದ. ಅಲ್ಲಿತನಕ ಭಾರ ಹೊರಬ್ಯಾಡ್ರಿ. ಅಂಥಾದ್ದೇನು ಹೊರೂದದ ನಿಮಗ?”

“ಗೆಳೆಯ,” ಎಂದೆ.

ಬಸ್ಸಿಳಿದು ನೇರವಾಗಿ ಖಂಡಪ್ಪನಲ್ಲಿಗೆ ಹೋದೆ. ಅವನ ಮುಖ ಅರಿಸಿನವಾಗಿತ್ತು. ಕಣ್ಣು ಮಾತ್ರ ನನ್ನ ಕಾಲ ಮೇಲೆ.

“ಕಾಲು?”

ಎರಡು ದಿನ ತಡಿ ಎನ್ನಬೇಕಾಗಿತ್ತು. ಆದರೆ ಆ ಕಣ್ಣನ್ನು ನೋಡಿದವನೇ ಬಲಗಾಲನ್ನೆತ್ತಿ ನೆಲಕ್ಕೆ ದಪ್ಪೆಂದು ಅಪ್ಪಳಿಸಿದೆ. ಹಗಲಲ್ಲೇ ನಕ್ಷತ್ರಗಳು ಕಂಡವು. “ನೋಡು, ಕುದುರಿ ಆಗ್ಯಾದ,” ಎಂದೆ.

ಖಂಡಪ್ಪ ಬಹಳ ಹೊತ್ತು ನೋಡಿದ. ನಕ್ಕ. “ಹಂಗಾರ ಆತು ಬಿಡು,” ಎಂದ.

ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಿದ್ದ.

ಗೋಡೆ ಹಿಡಿದುಕೊಂಡು ಅವನ ಮನೆ ಮುಟ್ಟಿದೆ. ಮಾನಮ್ಮ ನನ್ನನ್ನು ನೋಡಿ, “ನೀವು ಕಾಲು ಆರಾಮ ಆಗ್ಯಾದ ಅಂದ್ರಿ. ಅವ್ರು ಹೊಂಟೇಬಿಟ್ರು,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಮ್ಮಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡ್ರಿಸಿ ಒಯ್ಯುತ್ತಾರೆ. ಖಂಡಪ್ಪನಿಗೆ ರುಮಾಲು ಸುತ್ತಿ, ಹೂವಿನ ಹಾರ ಹಾಕಿ, ಗುಲಾಲು ಬಳಿದು, ಬಿದಿರು ಕಟ್ಟಿದ ಕುರ್ಚಿಯಲ್ಲಿ ಕೂಡ್ರಿಸಿದರು. ಅಂದೇ ಕಾಲುವೆಗೆ ನೀರು ಬಿಟ್ಟಿದ್ದರು. ಗಂಡಸರೆಲ್ಲ ಆಚೆ ದಂಡೆಯ ನೆಲ್ಲಿನ ಗದ್ದೆಗೆ ನೀರು ಕಟ್ಟಿಕೊಂಡು ಅಲ್ಲಿಂದಲೇ ಸ್ಮಶಾನಕ್ಕೆ ಬರುತ್ತೇವೆಂದು ಹೋಗಿದ್ದರು. ಹೊರಲು ಉಳಿದವರು ಖಂಡಪ್ಪನ ಮಗ ತಿಮ್ಮಣ್ಣ, ದುರಗಪ್ಪ, ನಮ್ಮ ಓಣಿಯ ರಾಜಾಸಾಬ ಮತ್ತು ನಾನು.

“ಕಾಕಾ, ಕಾಲು ಬರೋಬ್ಬರಿ ಅದಾವಲ?” ಎಂದ ತಿಮ್ಮಣ್ಣ.

“ನಿನ್ನೆ ನಿಮ್ಮಪ್ಪನ ಮುಂದ ತೋರಿಸೀನಿ,” ಎಂದೆ. ಆ ಸಾಕ್ಷಿಯನ್ನು ಯಾರೂ ಮರುಪ್ರಶ್ನೆ ಮಾಡುವಂತಿರಲಿಲ್ಲ. ಆದರೂ ತಿಮ್ಮಣ್ಣ ಟ್ರ್ಯಾಕ್ಟರಿನವನಿಗೆ ದೂರದಿಂದ ಹಿಂದೆ ಬರಲು ಹೇಳಿದ್ದ.

ಊರು ದಾಟುವ ತನಕ ಪ್ರತಿಜ್ಞೆ ನಡೆಯಿತು. ದಂಡೆಯ ಏರಿನಲ್ಲಿ ಬಲಗಾಲಿನ ಖಂಡ ಎದ್ದು ಮೊಳಕಾಲಿನ ಕಡೆಗೆ ಓಡಿತು. ನನ್ನ ಮೂಲೆ ಕುಸಿಯಿತು. ಕುರ್ಚಿ ವಾಲಿ ಖಂಡಪ್ಪನ ತಲೆ ನನ್ನ ತಲೆಗೆ ಬಂದು ತಾಗಿತು. ಕೆಳಗೆ ತುಂಬಿದ ಕಾಲುವೆ.

“ಮಾಸ್ತರ್ರ, ಖಂಡಪ್ಪ ನೀರಿಗಿ ಹೊಂಟಾನ, ಹಿಡೀರಿ,” ಎಂದ ರಾಜಾಸಾಬ.

ಹೇಗೋ ಇಳಿಸಿದರು. ತಿಮ್ಮಣ್ಣ ಬೈಯಲಿಲ್ಲ. “ಸಾಕು ಕಾಕಾ. ನಿಮ್ಮ ಕೈಲಾದಷ್ಟು ಆತು,” ಎಂದು ಕೈ ಬೀಸಿ ಟ್ರ್ಯಾಕ್ಟರನ್ನು ಕರೆದ. ಮೊದಲು ಖಂಡಪ್ಪನನ್ನು ಎತ್ತಿ ಟ್ರಾಲಿಗೆ ಏರಿಸಿದರು. ಆಮೇಲೆ ನನ್ನನ್ನು ಎತ್ತಿ ಏರಿಸಿದರು. ಕುರ್ಚಿ ಅಲುಗದಂತೆ ಯಾರಾದರೂ ಹಿಡಿಯಬೇಕಾಗಿತ್ತು. ನಾನು ಅವನ ಬಲಕ್ಕೆ ಕುಳಿತು ಹೆಗಲ ಮೇಲೆ ಕೈ ಹಾಕಿದೆ.

“ಖಂಡಪ್ಪ, ಟ್ರಾಲಿ ತೊಳದಾರ,” ಎಂದೆ ಕಿವಿಯಲ್ಲಿ.

ದಾರಿಯುದ್ದಕ್ಕೂ ತೂರಿದ ಗುಲಾಲು ನನ್ನ ಮುಖಕ್ಕೂ ಬಿತ್ತು. ಕುಲುಕಾಟಕ್ಕೆ ಅವನ ಹಾರದ ಒಂದು ಎಳೆ ನನ್ನ ಕೊರಳಿಗೆ ಸಿಕ್ಕಿಕೊಂಡಿತು. ಕಾಲಿನ ನೋವಿಗೂ ಅಳುವಿಗೂ ಕಣ್ಣು ಮುಚ್ಚಿ ಕುಳಿತೆ. ಸೇತುವೆ ದಾಟಿದಾಗ ನೆಲ್ಲು ನಾಟುತ್ತಿದ್ದ ಹೆಣ್ಣಾಳುಗಳು ಎದ್ದು ನಿಂತು ಕೈ ಮುಗಿದದ್ದು ರೆಪ್ಪೆಯ ಸಂದಿಯಲ್ಲಿ ಕಂಡಿತು. ಅವರೊಳಗಿನ ಮುದುಕಿಯೊಬ್ಬಳು ಕೆಸರುಗಾಲಿನಲ್ಲೇ ರಸ್ತೆಗೆ ಬಂದು ನಮ್ಮಿಬ್ಬರನ್ನೂ ನಿಟ್ಟಿಸಿ ನೋಡಿ, ಹಿಂದೆ ನಡೆದು ಬರುತ್ತಿದ್ದ ಸುಂದ್ರಮ್ಮನನ್ನು ಕೇಳಿದಳು:

“ಯವ್ವಾ, ಇಬ್ರೂ ಒಮ್ಮಿಗೇ ಹೋದ್ರೇನವ್ವಾ?”

ಸುಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇಲ್ಲಬೇ. ಎಡಕ್ಕ ಕುಂತವ್ರು ಹೋದವ್ರು. ಬಲಕ್ಕ ಕುಂತವ್ರು ಹೊರಾಕ ಬಂದವ್ರು.”