ಸೋಡಾ ಲಾರಿಯ ಚಾಸಿ ಕತ್ತರಿಸಿದ್ದು

ಮೋಟಾರು ರಿಪೇರಿಯವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಯಾರ ಕೈಯಲ್ಲಾದರೂ ನೂಕಿಸಿಕೊಂಡು ವರ್ಕ್‌ಶಾಪಿನ ಬಾಗಿಲಿಗೆ ಬರುತ್ತದೆ. ಎರಡನೆಯ ಮಹಾಯುದ್ಧ ಶುರುವಾಗುವ ಮೊದಲು ನಾನು ಕಂಕನಾಡಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದೆ. ಅಲ್ಲಿಗೆ ಹೀಗೆ ಬಂದವರಲ್ಲಿ ಮೊದಲ ಮರ್ಯಾದೆ ಸೋಡಾ ಪೊರ್ಬುಗಳಿಗೇ ಸಲ್ಲಬೇಕು. ಕ್ರಿಶ್ಚಿಯನ್ ಯಜಮಾನರನ್ನು ನಮ್ಮೂರಲ್ಲಿ ಪೊರ್ಬು ಎನ್ನುವುದು ವಾಡಿಕೆ. ಇವರು ಗೋಲಿ ಸೋಡಾ ಮಾಡಿ ಮಾರುತ್ತಿದ್ದರು.

೧. ಬಾವಿ

ಸೋಡಾ ಗಾಡಿ ಎಳೆಯುತ್ತಿದ್ದ ಎತ್ತುಗಳನ್ನು ಕೊಟ್ಟು ಪೊರ್ಬು ಒಂದು ಹಳೆಯ ಸಣ್ಣ ಲಾರಿ ತಂದರು. ತಂದ ದಿನವೇ ಗೊತ್ತಾಯಿತು, ಅದು ಅವರ ಮನೆಯ ಓಣಿಯಲ್ಲಿ ತಿರುಗುವುದಿಲ್ಲ. ತಿರುವಿನ ಒಂದು ಬದಿಯಲ್ಲಿ ಗೋಡೆ, ಇನ್ನೊಂದು ಬದಿಯಲ್ಲಿ ನೆರೆಮನೆಯವರ ಬಾವಿ. ಸೋಡಾ ಪೆಟ್ಟಿಗೆಗಳನ್ನು ದೊಡ್ಡ ರಸ್ತೆಯವರೆಗೆ ತಲೆಯ ಮೇಲೆ ಹೊರಬೇಕಾಯಿತು. ಆ ಎತ್ತುಗಳನ್ನು ಕೈಯಾರೆ ಸಾಕಿದ್ದ ಬಾಯಮ್ಮ, ಎಂದರೆ ಪೊರ್ಬುಗಳ ಹೆಂಡತಿ, ಖಡಾಖಂಡಿತವಾಗಿ ಹೇಳಿಬಿಟ್ಟರು: “ಬರುವ ಭಾನುವಾರ ಬಲ್ಮಠದ ಮದುವೆಗೆ ಸೋಡಾ ಈ ಲಾರಿಯಲ್ಲಿ ನಮ್ಮ ಅಂಗಳದಿಂದಲೇ ಹೋಗಬೇಕು. ಇಲ್ಲದಿದ್ದರೆ ಸೋಮವಾರ ಲಾರಿ ಮಾರಿ ಎತ್ತು ತನ್ನಿ.”

ಪೊರ್ಬುಗಳಿಗೆ ಲಾರಿಯೆಂದರೆ ಜೀವ. ಓಡಿಹೋಗಿ ನೆರೆಮನೆಯವರನ್ನು ಕೇಳಿದರು, “ನಿಮ್ಮ ಬಾವಿಯನ್ನು ಒಂಚೂರು ಆಚೆ ತೆಗೆಯಲಿಕ್ಕೆ ಆಗ್ತದಾ?”

ನೆರೆಯವರು ಬಾವಿಯೊಳಗೆ ಒಮ್ಮೆ ಬಗ್ಗಿ ನೋಡಿ ಹೇಳಿದರು, “ನನ್ನದೇನೂ ಅಡ್ಡಿ ಇಲ್ಲ ಪೊರ್ಬುಗಳೇ. ನೀರಿಗೆ ಮಾತ್ರ ನೀವೇ ಹೇಳಿ ಒಪ್ಪಿಸಿ.”

೨. ಪವಿತ್ರ ಜಲ

ಬಾವಿ ಅಲ್ಲಾಡುವುದಿಲ್ಲವೆಂದಾದ ಮೇಲೆ ಪೊರ್ಬು ನಮ್ಮ ವರ್ಕ್‌ಶಾಪಿಗೆ ಬಂದರು. ನಮ್ಮ ಮೇಸ್ತ್ರಿ ಲಾರಿಗೆ ಒಂದು ಸುತ್ತು ಬಂದು, “ಚಾಸಿ ಕತ್ತರಿಸುವ” ಅಂದರು. ಚಾಸಿ ಎಂದರೆ ಇಡೀ ಗಾಡಿಯನ್ನು ಹೊತ್ತಿರುವ ಅಡಿಯ ಎರಡು ಉದ್ದ ಕಬ್ಬಿಣ. ಅದನ್ನು ನಡುವೆ ತುಂಡು ಮಾಡಿ ಗಿಡ್ಡ ಮಾಡಿದರೆ ಹಿಂದಿನ ಚಕ್ರ ಮುಂದಕ್ಕೆ ಬರುತ್ತದೆ, ಗಾಡಿ ಸಣ್ಣ ಜಾಗದಲ್ಲಿ ತಿರುಗುತ್ತದೆ.

ಪೊರ್ಬುಗಳ ಮುಖ ಸಣ್ಣದಾಯಿತು. “ಅದು ಫಾದರ್ ಆಶೀರ್ವಾದ ಮಾಡಿದ ಗಾಡಿ ಮಾರಾಯ. ಕತ್ತರಿಸಿದರೆ ಆಶೀರ್ವಾದ ಎಂತ ಆಗ್ತದೆ?” ಎಂದು ನೇರ ಇಗರ್ಜಿಗೆ ನಡೆದರು. ನಾನೂ ಜೊತೆಗೆ ಹೋದೆ.

ಫಾದರ್ ಗಂಭೀರವಾಗಿ ಕೇಳಿದರು, “ಪವಿತ್ರ ಜಲ ಎಲ್ಲೆಲ್ಲಿ ಬಿದ್ದಿತ್ತು?”

“ಮುಂದೆ ಎಂಜಿನ್ ಮೇಲೆ, ಹಿಂದೆ ಮರದ ಬಾಡಿ ಮೇಲೆ.”

“ಅಡಿಯ ಕಬ್ಬಿಣಕ್ಕೆ?”

“ಅಲ್ಲಿಗೆ ನೀವು ಬಗ್ಗಲಿಲ್ಲ ಫಾದರ್.”

“ಹಾಗಾದರೆ ಅದನ್ನು ಕತ್ತರಿಸು. ಉಳಿದದ್ದನ್ನು ಮುಟ್ಟಬೇಡ.”

ಹೀಗೆ ಮರದ ಬಾಡಿ ಇದ್ದಷ್ಟೇ ಉದ್ದ ಇರಬೇಕೆಂದು ತೀರ್ಮಾನವಾಯಿತು. ನಾವು ವಾಪಸು ಬರುವಾಗ ಮೇಸ್ತ್ರಿ ಲಾರಿಯ ಪಕ್ಕ ನಿಂತು, ತಮ್ಮ ಮನೆಯ ದೈವವನ್ನು ನೆನೆದು ತೆಂಗಿನಕಾಯಿ ಒಡೆಯುತ್ತಿದ್ದರು. “ಇದು ಎಂತಕ್ಕೆ?” ಎಂದು ಪೊರ್ಬು ಕೇಳಿದರು.

“ಮುಂದೆ ಹಿಂದೆ ನಿಮ್ಮ ಫಾದರ್ ನೋಡಿಕೊಂಡಿದ್ದಾರಲ್ಲ,” ಅಂದರು ಮೇಸ್ತ್ರಿ, “ನಡುವೆ ಯಾರೂ ಇಲ್ಲ. ಅದಕ್ಕೆ.”

೩. ಮೊಳ

ಎಷ್ಟು ಕತ್ತರಿಸಬೇಕೆಂದು ಪೊರ್ಬು ಓಣಿಯಲ್ಲಿ ಸ್ವತಃ ಅಳೆದು ಬಂದಿದ್ದರು. ಒಂದೂವರೆ ಮೊಳ. ಮೇಸ್ತ್ರಿ ಸರಿ ಎಂದು ತಮ್ಮ ಕೈಯಿಟ್ಟು ಒಂದೂವರೆ ಮೊಳ ಗುರುತು ಹಾಕಿದರು. ನಾನು ಬೆವರು ಸುರಿಸಿ ಗರಗಸ ಎಳೆದೆ. ಕಬ್ಬಿಣ ಕೆಳಗೆ ಬಿದ್ದ ಮೇಲೆ ಪೊರ್ಬು ಆ ತುಂಡಿನ ಮೇಲೆ ಸುಮ್ಮನೆ ಕೈಯಿಟ್ಟು ನೋಡಿದರು. ಅವರ ಕೈಯಲ್ಲಿ ಅದು ಎರಡು ಮೊಳಕ್ಕೆ ಹತ್ತಿರವಾಯಿತು.

ಪೊರ್ಬು ಕುಳ್ಳಗಿನ ಮನುಷ್ಯ. ನಮ್ಮ ಮೇಸ್ತ್ರಿ ಬಾಗಿಲಲ್ಲಿ ತಲೆ ತಗ್ಗಿಸಿ ಬರುವವರು. ಇದು ನಮಗೆ ಮೂವರಿಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಗೋಡೆಯಲ್ಲಿ ನೇತಾಡುತ್ತಿದ್ದ ಅಳತೆಯ ಟೇಪು ನಮ್ಮನ್ನೇ ನೋಡುತ್ತಿತ್ತು.

“ಎಂತ ಮಾಡಿದಿರಿ ಮೇಸ್ತ್ರಿ!” ಎಂದು ಪೊರ್ಬು ತಲೆಯ ಮೇಲೆ ಕೈ ಹೊತ್ತರು. ನನಗೂ ಪಾಪ ಅನ್ನಿಸಿತು.

ಮೇಸ್ತ್ರಿ ಮಾತ್ರ ಸ್ವಲ್ಪವೂ ಅಳುಕಲಿಲ್ಲ. “ಹೆದರಬೇಡಿ. ಹೆಚ್ಚು ಕತ್ತರಿಸಿದ್ದಕ್ಕೆ ನಾನು ಹೆಚ್ಚು ಕೂಲಿ ಕೇಳುವುದಿಲ್ಲ.”

೪. ಭಾನುವಾರ

ತುಂಡುಗಳನ್ನು ಸೇರಿಸಿ, ಕಾದ ರಿವೆಟ್ ಹೊಡೆದು, ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನೂ ಗಿಡ್ಡ ಮಾಡಿ ಲಾರಿಯನ್ನು ನಿಲ್ಲಿಸಿದೆವು. ಮರದ ಬಾಡಿ ಹಿಂದಿನ ಚಕ್ರವನ್ನು ದಾಟಿ ಎಷ್ಟೋ ಹಿಂದಕ್ಕೆ ಚಾಚಿಕೊಂಡಿತು. ಭಾನುವಾರ ಬೆಳಿಗ್ಗೆ ಪೊರ್ಬು ಶಿಲುಬೆಯ ಗುರುತು ಮಾಡಿ ಓಣಿಗೆ ನುಗ್ಗಿಸಿದರು. ಗೋಡೆಗೂ ತಾಗಲಿಲ್ಲ, ಬಾವಿಗೂ ತಾಗಲಿಲ್ಲ, ಲಾರಿ ಸಲೀಸಾಗಿ ತಿರುಗಿ ಅಂಗಳಕ್ಕೆ ಬಂತು. ಪೊರ್ಬು ಕೆಳಗಿಳಿದು ಮೇಸ್ತ್ರಿಯನ್ನು ತಬ್ಬಿಕೊಂಡರು. ಬಾಯಮ್ಮ ಮೆಟ್ಟಿಲಲ್ಲಿ ನಿಂತು, “ಖಾಲಿ ಗಾಡಿ ಯಾರದ್ದೂ ತಿರುಗ್ತದೆ. ಸೋಡಾ ತುಂಬಿಸಿ ನೋಡುವ,” ಅಂದರು.

ತುಂಬಿಸಿದೆವು. ಪೊರ್ಬು ಹೊರಟರು. ಅಂಗಳದಿಂದ ಓಣಿಗೆ ಹತ್ತುವಲ್ಲಿ ಒಂದು ಸಣ್ಣ ಏರು ಉಂಟು. ಅಲ್ಲಿ ಲಾರಿಯ ಮೂತಿ ಮೆಲ್ಲನೆ ಮೇಲೆದ್ದಿತು. ಮುಂದಿನ ಎರಡೂ ಚಕ್ರಗಳು ಗಾಳಿಯಲ್ಲಿ. ಪೊರ್ಬು ಸ್ಟಿಯರಿಂಗನ್ನು ಜೋರಾಗಿ ಎಡಕ್ಕೂ ಬಲಕ್ಕೂ ತಿರುಗಿಸುತ್ತಾರೆ, ಲಾರಿ ಆಕಾಶ ನೋಡುತ್ತಾ ನೆಟ್ಟಗೆ ನಿಂತಿದೆ. ಭಾರವೆಲ್ಲ ಹಿಂದಕ್ಕೆ ಹೋಗಿ ಲಾರಿ ತಕ್ಕಡಿಯಾಗಿತ್ತು.

ಮೇಸ್ತ್ರಿ ಮುಂದಿನ ಒಂದು ಮಡ್‌ಗಾರ್ಡಿಗೆ ಹಾರಿದರು, ನಾನು ಇನ್ನೊಂದಕ್ಕೆ. ಮೂತಿ ಇಳಿಯಿತು, ಆದರೆ ಚಕ್ರ ನೆಲಕ್ಕೆ ಒಂದು ಗೇಣು ಬಾಕಿ. ಪೊರ್ಬುಗಳ ಕಣ್ಣಲ್ಲಿ ನೀರು. ಮದುವೆ ಮನೆಯಲ್ಲಿ ಜನ ಕಾಯುತ್ತಿದ್ದರು, ಸೋಮವಾರವೂ ಕಾಯುತ್ತಿತ್ತು.

ಬಾಯಮ್ಮ ಸೊಂಟಕ್ಕೆ ಕೈಯಿಟ್ಟು ಇದನ್ನೆಲ್ಲ ನೋಡಿದರು. ಆಮೇಲೆ ಸೆರಗು ಬಿಗಿದು ಬಂದು, ಗಂಡನ ಪಕ್ಕದ ಸೀಟಿಗೆ ಹತ್ತಿ ಕೂತರು. ಚಕ್ರ ಧೊಪ್ಪೆಂದು ನೆಲ ಮುಟ್ಟಿತು. ಆ ಏಟಿಗೆ ಹಿಂದೆ ನಾಲ್ಕಾರು ಸೋಡಾ ಬಾಟಲಿ ಢಂ ಎಂದವು. ಬಾವಿಯ ನೆರೆಯವರು ಮದುವೆಗೆ ಸಿಡಿಸುವ ಗರ್ನಾಲೆಂದು ತಿಳಿದು ಹೊರಗೆ ಓಡಿ ಬಂದರು.

“ಎಂತ ನೋಡ್ತಾ ಕೂತಿದ್ದೀರಿ? ಬಿಡಿ ಗಾಡಿ!” ಎಂದು ಬಾಯಮ್ಮ ಗದರಿದರು.

ಕಂಕನಾಡಿ ಮಾರ್ಕೆಟಿನ ನಡುವಿನಿಂದ ನಾವು ಹಾಗೆಯೇ ಹೋದೆವು. ಮೀನು ಮಾರುವವರೂ ಬುಟ್ಟಿ ಬಿಟ್ಟು ಎದ್ದು ನಿಂತರು. ಬಾಯಮ್ಮ ಮೊದಮೊದಲು ಮುಖ ಗಂಟಿಕ್ಕಿಕೊಂಡಿದ್ದರು. ಬಲ್ಮಠ ಮುಟ್ಟುವಾಗ ಗುರುತಿನವರಿಗೆಲ್ಲ ಕೈ ಬೀಸುತ್ತಿದ್ದರು. ಸೋಡಾ ಹೊತ್ತಿಗೆ ಸರಿಯಾಗಿ ಮುಟ್ಟಿತು.

ಸೋಮವಾರ ಎತ್ತಿನ ಮಾತು ಯಾರೂ ಎತ್ತಲಿಲ್ಲ. ಮೇಸ್ತ್ರಿಗೆ ಮಾತ್ರ ಒಳಗೊಳಗೆ ಸಂಕಟ. ಪೊರ್ಬುಗಳ ಮನೆಗೆ ಹೋಗಿ ವಿನಯದಿಂದ ಹೇಳಿದರು, “ಬಾಯಮ್ಮ, ನೀವು ದಿನಾ ಕಷ್ಟಪಡುವುದು ಬೇಡ. ಸೀಟಿನ ಅಡಿಗೆ ಒಂದು ದೊಡ್ಡ ಕಬ್ಬಿಣ ಕಟ್ಟಿ ಕೊಡ್ತೇನೆ. ಗಾಡಿ ಏಳುವುದಿಲ್ಲ.”

ಬಾಯಮ್ಮ ಆಗಲೇ ಹೊಸ ಸೀರೆ ಉಟ್ಟು ಲಾರಿಗೆ ಹತ್ತುತ್ತಿದ್ದರು. ಅಲ್ಲಿಂದಲೇ ತಿರುಗಿ ಕಣ್ಣು ಕೆಂಪು ಮಾಡಿ ಕೇಳಿದರು:

“ಎಂತಕ್ಕೆ ಮೇಸ್ತ್ರಿ? ನನ್ನ ಜಾಗಕ್ಕೆ ಇನ್ನೊಂದನ್ನು ತಂದು ಕೂರಿಸಲಿಕ್ಕೆ ನಾನೇನು ಸತ್ತಿದ್ದೇನಾ?”